ಅಂಬಾಲಾದಿಂದ ಬೆಳಗಾವಿಗೆ: ಯಜಮಾನರಿಗೆ ಫೀಲ್ಡ್ ಪೋಸ್ಟಿಂಗ್, ಮನೆ ಮತ್ತು ಸಾಮಾನಿನ ಬಗ್ಗೆ ಸಲಹೆ ಬೇಕು

ಅಂಬಾಲಾ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಮ್ಮದು ಗೋಕಾಕ ತಾಲ್ಲೂಕಿನ ಹಳ್ಳಿ. ಯಜಮಾನರು ಸೇನೆಯಲ್ಲಿ ಹವಿಲ್ದಾರರು. ಮೂರು ವರ್ಷದಿಂದ ಅಂಬಾಲಾ ಕಂಟೋನ್ಮೆಂಟಿನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದೇವೆ. ಮೊನ್ನೆ ಅವರಿಗೆ ಫೀಲ್ಡ್‌ಗೆ ಪೋಸ್ಟಿಂಗ್ ಆರ್ಡರ್ ಬಂದಿದೆ. ಅಲ್ಲಿಗೆ ಕುಟುಂಬವನ್ನು ಕರೆದುಕೊಂಡು ಹೋಗುವಂತಿಲ್ಲ. ಇನ್ನು ಆರು ವಾರದಲ್ಲಿ ಅವರು ಹೊರಡಬೇಕು. ಮಗ ಎಂಟನೇ ತರಗತಿ, ಮಗಳು ಮೂರನೇ ತರಗತಿ, ಇಬ್ಬರೂ ಇಲ್ಲಿನ ಕೇಂದ್ರೀಯ ವಿದ್ಯಾಲಯದಲ್ಲಿ ಓದುತ್ತಿದ್ದಾರೆ, ವಾರ್ಷಿಕ ಪರೀಕ್ಷೆ ಮುಗಿಯುವಷ್ಟರಲ್ಲಿ ಅವರು ಹೋಗಿಯಾಗಿರುತ್ತದೆ.

ಇದಕ್ಕೆ ಮೊದಲು ಎರಡು ಬಾರಿ ಊರು ಬದಲಿಸಿದ್ದೇವೆ, ಆದರೆ ಆಗ ಯಜಮಾನರು ಜೊತೆಯಲ್ಲೇ ಇದ್ದರು, ನಾನು ಪಾತ್ರೆ ಕಟ್ಟಿದ್ದು ಬಿಟ್ಟರೆ ಬೇರೇನೂ ತಿಳಿದುಕೊಂಡಿರಲಿಲ್ಲ. ಈ ಸಲ ಕ್ವಾರ್ಟರ್ಸ್ ಖಾಲಿ ಮಾಡಿಕೊಡುವುದು, ಲಾರಿ ಗೊತ್ತು ಮಾಡುವುದು, ಮಕ್ಕಳ ಟಿ.ಸಿ. ತರುವುದು, ಹೊಸ ಮನೆ ನೋಡುವುದು ಎಲ್ಲವೂ ನನ್ನ ಮೇಲೆ ಬೀಳಲಿದೆ. ನಮ್ಮ ಮುಂದೆ ಮೂರು ದಾರಿ ಕಾಣಿಸುತ್ತಿವೆ. ಮಕ್ಕಳ ಓದಿನ ಕಾರಣ ಕೊಟ್ಟು ಸ್ವಲ್ಪ ಕಾಲ ಇಲ್ಲೇ ಉಳಿಯುವುದು ಒಂದು. ಫೀಲ್ಡ್‌ನಲ್ಲಿರುವವರ ಕುಟುಂಬಕ್ಕೆಂದು ಕೊಡುವ ಎಸ್.ಎಫ್. ಕ್ವಾರ್ಟರ್ಸ್‌ಗೆ ಬೆಳಗಾವಿಯಲ್ಲೋ ಬೆಂಗಳೂರಿನಲ್ಲೋ ಅರ್ಜಿ ಹಾಕುವುದು ಇನ್ನೊಂದು. ಬೆಳಗಾವಿಯಲ್ಲಿ ಬಾಡಿಗೆ ಮನೆ ಹಿಡಿದು ಮನೆ ಬಾಡಿಗೆ ಭತ್ಯೆ ಪಡೆಯುವುದು ಮೂರನೆಯದು.

ಸಾಮಾನು ಎಂದರೆ ಎಂಟು ಕಬ್ಬಿಣದ ಟ್ರಂಕು, ಫ್ರಿಜ್, ವಾಷಿಂಗ್ ಮಷಿನ್, ಒಂದು ಗಾದ್ರೆಜ್ ಬೀರು, ಎರಡು ಮಂಚ, ಒಂದು ಮೋಟಾರ್‌ಸೈಕಲ್. ಈ ದಾರಿಯಲ್ಲಿ ಹೋಗಿಬಂದವರು ದಯವಿಟ್ಟು ಹೇಳಿ, ಯಾವುದನ್ನು ಮೊದಲು ಮಾಡಬೇಕು, ಯಜಮಾನರು ಹೊರಡುವುದಕ್ಕೆ ಮುಂಚೆ ಅವರ ಕೈಯಿಂದ ಏನೇನು ಮಾಡಿಸಿಕೊಳ್ಳಬೇಕು?

ನಿರ್ವಾಹಕರು

ಸಹೋದರಿಯವರೇ, ನಿಮ್ಮ ಬರಹದಲ್ಲಿದ್ದ ಯೂನಿಟ್ಟಿನ ಹೆಸರು ಮತ್ತು ಹೊರಡುವ ತಾರೀಖನ್ನು ಅಳಿಸಿದ್ದೇವೆ. ಉತ್ತರಿಸುವವರೂ ಯೂನಿಟ್ಟು, ಈಗಿನ ನಿಯೋಜನೆಯ ಜಾಗ, ಪಡೆಯ ಚಲನೆಯ ದಿನಾಂಕ ಇವುಗಳನ್ನು ಬರೆಯಬಾರದೆಂದು ಕೋರುತ್ತೇವೆ. ಪೋಸ್ಟಿಂಗ್ ಆರ್ಡರಿನ ಫೋಟೋವನ್ನಂತೂ ಯಾರೂ ಹಾಕಬೇಡಿ. ಮನೆ ಮತ್ತು ಸಾಮಾನಿನ ಚರ್ಚೆಗೆ ಇವು ಯಾವುದೂ ಬೇಕಾಗುವುದಿಲ್ಲ.

ನಿವೃತ್ತ ಸುಬೇದಾರ್, ಬೆಳಗಾವಿ

ತಂಗಿ, ಮೊದಲು ಕಾಗದಪತ್ರದ ವಿಷಯ ಹೇಳುತ್ತೇನೆ, ಏಕೆಂದರೆ ಲಾರಿ ಯಾವಾಗ ಬೇಕಾದರೂ ಸಿಗುತ್ತದೆ, ಯಜಮಾನರ ಸಹಿ ಮಾತ್ರ ಅವರು ಹೊರಟ ಮೇಲೆ ಸಿಗುವುದು ಕಷ್ಟ. ನಾನು ಇಪ್ಪತ್ತೆಂಟು ವರ್ಷ ಸೇವೆ ಮಾಡಿದೆ, ಅದರಲ್ಲಿ ನನ್ನ ಮನೆ ಒಂಬತ್ತು ಸಲ ಊರು ಬದಲಿಸಿತು, ಸಾಮಾನು ಲಾರಿಗೆ ಏರುವಾಗ ನಾನು ಅಲ್ಲಿದ್ದದ್ದು ಎರಡೇ ಸಲ. ಉಳಿದ ಏಳು ಸಲವೂ ನನ್ನ ಹೆಂಡತಿ ಒಬ್ಬಳೇ ನಿಂತು ಮಾಡಿಸಿದಳು. ಒಂದು ಸಲ, ನನ್ನ ಪರವಾಗಿ ಕ್ವಾರ್ಟರ್ಸ್ ಒಪ್ಪಿಸಲು ಅವಳಿಗೆ ಅಧಿಕಾರವಿದೆ ಎಂಬ ಒಂದು ಚೀಟಿ ಇಲ್ಲದ ಕಾರಣಕ್ಕೆ ನಾಲ್ಕು ದಿನ ಅಲೆದಾಡಿದಳು. ಆ ತಪ್ಪು ನನ್ನದು.

ಆದ್ದರಿಂದ ಯಜಮಾನರು ತಮ್ಮ ಯೂನಿಟ್ಟಿನಿಂದ ನಿಮ್ಮ ಹೆಸರಿಗೆ ಒಂದು ಅಧಿಕಾರಪತ್ರ ಮಾಡಿಸಿಕೊಡಲಿ. ಮಾರ್ಚಿಂಗ್ ಔಟ್ ಮಾಡಲು, ಅಂದರೆ ಕ್ವಾರ್ಟರ್ಸ್ ಒಪ್ಪಿಸಲು, ಕ್ಲಿಯರೆನ್ಸ್ ಪಡೆಯಲು, ವಿದ್ಯುತ್ ಬಿಲ್ ಚುಕ್ತಾ ಮಾಡಲು ನಿಮಗೆ ಅಧಿಕಾರವಿದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಮೂವ್‌ಮೆಂಟ್ ಆರ್ಡರಿನ ಮೂರು ನಾಲ್ಕು ಪ್ರತಿ ನಿಮ್ಮ ಬಳಿ ಇರಲಿ. ಬ್ಯಾಂಕ್ ಖಾತೆ ಜಂಟಿಯಾಗಿ ಇದೆಯೇ ಎಂಬುದನ್ನು ಇವತ್ತೇ ನೋಡಿ. ನಿಮ್ಮ ಡಿಪೆಂಡೆಂಟ್ ಕಾರ್ಡಿನ ಮತ್ತು ಕ್ಯಾಂಟೀನ್ ಕಾರ್ಡಿನ ಅವಧಿಯನ್ನೂ ನೋಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಮದುವೆ ಮತ್ತು ಇಬ್ಬರು ಮಕ್ಕಳ ಜನನ ಪಾರ್ಟ್ ಟು ಆರ್ಡರಿನಲ್ಲಿ, ಅಂದರೆ ಸೈನಿಕನ ಕುಟುಂಬದ ವಿವರ ದಾಖಲಾಗುವ ಆದೇಶದಲ್ಲಿ, ಪ್ರಕಟವಾಗಿದೆಯೇ, ಹೆಸರಿನ ಅಕ್ಷರಗಳು ಆಧಾರ್ ಮತ್ತು ಶಾಲೆಯ ದಾಖಲೆಯೊಂದಿಗೆ ಹೊಂದುತ್ತವೆಯೇ ಎಂದು ಯೂನಿಟ್ ಆಫೀಸಿನ ಕ್ಲರ್ಕ್ ಸಾಹೇಬರಲ್ಲಿ ಕೇಳಿ ಖಚಿತ ಮಾಡಿಕೊಳ್ಳಲಿ. ಒಂದು ಅಕ್ಷರ ವ್ಯತ್ಯಾಸವಿದ್ದರೂ ಪ್ರಯಾಣ ಭತ್ಯೆಯ ಬಿಲ್ಲು ಪೇ ಅಕೌಂಟ್ಸ್ ಆಫೀಸಿನಿಂದ ವಾಪಸ್ ಬರುತ್ತದೆ.

ಇನ್ನು ಹಣ. ಏಳನೇ ವೇತನ ಆಯೋಗದ ನಂತರ 2017ರಲ್ಲಿ ಬಂದ ಆದೇಶದ ಪ್ರಕಾರ ಐದನೇ ಲೆವೆಲ್‌ನವರಿಗೆ, ಅಂದರೆ ಹವಿಲ್ದಾರರಿಗೆ, 3000 ಕೆ.ಜಿ. ಸಾಮಾನು, ರಸ್ತೆಯ ಮೂಲಕವಾದರೆ ಕಿಲೋಮೀಟರಿಗೆ 25 ರೂಪಾಯಿಯ ಮಿತಿ. ನಾಯಕ್ ಮತ್ತು ಅದಕ್ಕಿಂತ ಕೆಳಗಿನವರಿಗೆ 1500 ಕೆ.ಜಿ., 15 ರೂಪಾಯಿ. ನಾಯಬ್ ಸುಬೇದಾರರಿಂದ ಮೇಲೆ 6000 ಕೆ.ಜಿ., 50 ರೂಪಾಯಿ. ತುಟ್ಟಿಭತ್ಯೆ ಶೇಕಡಾ 50 ಹೆಚ್ಚಿದಾಗ ಈ ದರಗಳು ಕಾಲುಭಾಗ ಹೆಚ್ಚುತ್ತವೆ ಎಂದು ಅದೇ ಆದೇಶದಲ್ಲಿದೆ. ತುಟ್ಟಿಭತ್ಯೆ 2024ರ ಜನವರಿಯಿಂದ ಶೇಕಡಾ 50 ಆಯಿತು, ಆದ್ದರಿಂದ ಹಳೆಯ ದರದಲ್ಲೇ ಲೆಕ್ಕ ಹಾಕಿಬಿಡಬೇಡಿ, ಚಾಲ್ತಿಯಲ್ಲಿರುವ ದರವನ್ನು ಕ್ಲರ್ಕ್ ಸಾಹೇಬರಿಂದ ಬರೆಸಿಕೊಳ್ಳಿ. ಅಂಬಾಲಾದಿಂದ ಬೆಳಗಾವಿಗೆ ರಸ್ತೆಯಲ್ಲಿ ಸುಮಾರು 2000 ಕಿಲೋಮೀಟರ್. ಮೂಲ ದರದಲ್ಲೇ ನೋಡಿದರೂ 50,000 ರೂಪಾಯಿಯ ಮಿತಿ ಬರುತ್ತದೆ. ಆದರೆ ಇದು ಮಿತಿ ಮಾತ್ರ, ಕೈಗೆ ಕೊಡುವ ಇನಾಮಲ್ಲ. ನೀವು ನಿಜವಾಗಿ ಖರ್ಚು ಮಾಡಿದ್ದಕ್ಕೆ ರಸೀದಿ ತೋರಿಸಬೇಕು. ಇದಲ್ಲದೆ ಸ್ಥಳಾಂತರ ಅನುದಾನವೆಂದು ಕೊನೆಯ ತಿಂಗಳ ಮೂಲವೇತನದ ಶೇಕಡಾ 80 ಸಿಗುತ್ತದೆ. ಹಗ್ಗ, ಗೋಣಿ, ಹಮಾಲರ ಕೂಲಿ, ಹೊಸ ಮನೆಯಲ್ಲಿ ಪರದೆಗೆ ಕಂಬಿ ಹಾಕಿಸುವುದು, ಇಂಥ ಖರ್ಚೆಲ್ಲ ಅದರಲ್ಲೇ ಆಗಬೇಕು.

ಫೀಲ್ಡ್ ಪೋಸ್ಟಿಂಗ್‌ನಲ್ಲಿ ಒಂದು ವಿಶೇಷವಿದೆ. ನಿಮ್ಮ ಕುಟುಂಬ ಎಲ್ಲಿ ಇರುತ್ತದೆ ಎಂದು ಯಜಮಾನರು ಬರವಣಿಗೆಯಲ್ಲಿ ತಿಳಿಸಬೇಕು. ಆಯ್ಕೆಯ ವಾಸಸ್ಥಳ, ಎಸ್.ಪಿ.ಆರ್., ಎನ್ನುತ್ತಾರೆ. ಸಾಮಾನಿನ ಖರ್ಚು ಮತ್ತು ಮನೆ ಬಾಡಿಗೆ ಭತ್ಯೆ ಎರಡೂ ಆ ಊರಿನ ಹೆಸರಿಗೆ ಅಂಟಿಕೊಂಡಿರುತ್ತವೆ. ಬೆಳಗಾವಿ ವೈ ವರ್ಗದ ನಗರ, ಭತ್ಯೆ ಈಗ ಮೂಲವೇತನದ ಶೇಕಡಾ 20. ಬೆಂಗಳೂರು ಎಕ್ಸ್ ವರ್ಗ, ಶೇಕಡಾ 30. ಹಳ್ಳಿಯಾದರೆ ಶೇಕಡಾ 10. ಒಮ್ಮೆ ಊರ ಹೆಸರು ಬರೆದುಕೊಟ್ಟ ಮೇಲೆ ಮನಸ್ಸು ಬದಲಿಸುವುದು ಸುಲಭವಲ್ಲ, ಆದ್ದರಿಂದ ಗಂಡ ಹೆಂಡತಿ ಕುಳಿತು ಮಾತಾಡಿ ನಿರ್ಧರಿಸಿದ ಮೇಲೆಯೇ ಆ ಕಾಗದಕ್ಕೆ ಸಹಿ ಹಾಕಲಿ.

ಕಾವೇರಿ ತೀರ

ಅಕ್ಕಾ, ನಾನು ವಿರಾಜಪೇಟೆಯ ಕಡೆಯವಳು, ಈಗ ಬೆಂಗಳೂರಿನ ಎಸ್.ಎಫ್. ಕ್ವಾರ್ಟರ್ಸ್‌ನಲ್ಲಿ ಎರಡನೇ ವರ್ಷ. ಸುಬೇದಾರ್ ಸಾಹೇಬರು ಕಾಗದದ ಬಗ್ಗೆ ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ನಾನು ಮನೆಯ ಬಗ್ಗೆ ಹೇಳುತ್ತೇನೆ.

ಎಸ್.ಎಫ್. ಕ್ವಾರ್ಟರ್ಸ್ ಸಿಕ್ಕರೆ ಅದಕ್ಕಿಂತ ನೆಮ್ಮದಿಯ ಜಾಗ ಬೇರೆ ಇಲ್ಲ. ಪಕ್ಕದ ಮನೆಯಲ್ಲೂ, ಎದುರು ಮನೆಯಲ್ಲೂ, ಮೇಲಿನ ಮನೆಯಲ್ಲೂ ನಮ್ಮಂತೆಯೇ ಒಬ್ಬರೇ ಮಕ್ಕಳನ್ನು ನೋಡಿಕೊಳ್ಳುತ್ತಿರುವ ಹೆಂಗಸರು. ಮಗುವಿಗೆ ರಾತ್ರಿ ಜ್ವರ ಬಂದರೆ ಬಾಗಿಲು ತಟ್ಟಲು ಸಂಕೋಚವಿಲ್ಲ, ಮಿಲಿಟರಿ ಆಸ್ಪತ್ರೆ ಹತ್ತಿರ, ಗೇಟಿನಲ್ಲಿ ಕಾವಲು. ಆದರೆ ಅರ್ಜಿ ಹಾಕಿದ ದಿನವೇ ಮನೆ ಸಿಗುವುದಿಲ್ಲ. ಯಜಮಾನರ ಯೂನಿಟ್ಟಿನ ಮೂಲಕ ನೀವು ಬಯಸುವ ಊರಿನ ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ಗೆ ಅರ್ಜಿ ಹೋಗಬೇಕು, ಅಲ್ಲಿ ಸೀನಿಯಾರಿಟಿ ಪಟ್ಟಿಯಲ್ಲಿ ಹೆಸರು ಸೇರಬೇಕು, ಮನೆ ಖಾಲಿಯಾಗಬೇಕು. ನನಗೆ ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳು ಬಾಡಿಗೆ ಮನೆಯಲ್ಲಿದ್ದೆ, ಬೆಂಗಳೂರಿನ ಮಾಲೀಕರು ಕೇಳುವ ಮುಂಗಡದ ಮೊತ್ತ ನೋಡಿ ತಾಳಿಸರವನ್ನು ಅಡವಿಡುವ ಯೋಚನೆಯೂ ಬಂದಿತ್ತು, ಕೊನೆಗೆ ನನ್ನ ತಂದೆ ಕಾಫಿ ಮಾರಿದ ಹಣ ಕೊಟ್ಟರು. ಹಾಗಾಗಿ ಹಣದ ಏರ್ಪಾಡಿಲ್ಲದೆ ಬೆಂಗಳೂರನ್ನು ಆರಿಸಬೇಡಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಬೆಳಗಾವಿಯಲ್ಲಿ ನಿಮಗೆ ಊರು ಹತ್ತಿರ, ಭಾಷೆ ನಿಮ್ಮದು, ಮುಂಗಡವೂ ಇಷ್ಟಿರುವುದಿಲ್ಲ.

ಬಾಡಿಗೆ ಕರಾರನ್ನು ಹನ್ನೊಂದು ತಿಂಗಳಿಗೆ ಮಾಡಿಸುವಾಗ, ಸರ್ಕಾರಿ ಮನೆ ಮಂಜೂರಾದರೆ ಒಂದು ತಿಂಗಳ ನೋಟಿಸಿನಲ್ಲಿ ಬಿಡಬಹುದು ಎಂಬ ಒಂದು ಸಾಲನ್ನು ಮಾಲೀಕರಿಂದ ಬರೆಸಿಕೊಳ್ಳಿ. ನಾನು ಬರೆಸಿಕೊಂಡಿರಲಿಲ್ಲ, ಎರಡು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಮುರಿದುಕೊಂಡರು. ಸರ್ಕಾರಿ ಮನೆಗೆ ಕಾಲಿಟ್ಟ ದಿನದಿಂದ ಮನೆ ಬಾಡಿಗೆ ಭತ್ಯೆ ನಿಲ್ಲುತ್ತದೆ, ಅದನ್ನು ಯೂನಿಟ್ಟಿಗೆ ಕೂಡಲೇ ತಿಳಿಸಬೇಕು. ತಿಳಿಸದೆ ಬಿಟ್ಟವರಿಗೆ ಒಂದು ವರ್ಷದ ನಂತರ ಒಟ್ಟಾಗಿ ಕಡಿತ ಮಾಡಿದ್ದನ್ನು ನೋಡಿದ್ದೇನೆ, ಆ ತಿಂಗಳು ಅವರ ಮನೆಗೆ ಸಂಬಳವೇ ಬರಲಿಲ್ಲ.

ಸಾಮಾನಿನ ವಿಷಯದಲ್ಲಿ ನನ್ನ ಅಭಿಪ್ರಾಯ ಕಠಿಣ. ಮಂಚಗಳನ್ನು ಅಂಬಾಲಾದಲ್ಲೇ ಮಾರಿಬಿಡಿ. ಸರ್ಕಾರಿ ಮನೆಯಲ್ಲಿ ಮಂಚ, ಮೇಜು, ಕುರ್ಚಿ ಸೇನೆಯ ಕಟ್ಟಡಗಳನ್ನು ನೋಡಿಕೊಳ್ಳುವ ಎಂ.ಇ.ಎಸ್.ನಿಂದಲೇ ಸಿಗುತ್ತವೆ. ಬೀರುವನ್ನೂ ಯೋಚಿಸಿ, ಅದರ ಬಾಗಿಲು ಒಮ್ಮೆ ಲಾರಿಯಲ್ಲಿ ತಿರುಚಿದರೆ ಮತ್ತೆ ಮುಚ್ಚುವುದಿಲ್ಲ.

ನಿವೃತ್ತ ಸುಬೇದಾರ್, ಬೆಳಗಾವಿ

ಮಂಚದ ಮಾತನ್ನು ನಾನು ಒಪ್ಪುತ್ತೇನೆ, ಬೀರುವಿನ ಮಾತನ್ನು ಒಪ್ಪುವುದಿಲ್ಲ. ಆ ಬೀರು ಹೆಚ್ಚಿನ ಮನೆಗಳಲ್ಲಿ ಹೆಣ್ಣುಮಗಳಿಗೆ ತವರಿನಿಂದ ಬಂದದ್ದಾಗಿರುತ್ತದೆ. ಅದರ ಬೆಲೆ ತೂಕದ ಮೇಲೆ ನಿಂತಿಲ್ಲ. ಒಳಗಿನ ಹಲಗೆಗಳನ್ನು ಬಿಚ್ಚಿ, ಬಾಗಿಲಿಗೆ ಬೀಗ ಹಾಕಿ, ಹಳೆಯ ಕಂಬಳಿ ಸುತ್ತಿ, ನಿವಾರ್ ಪಟ್ಟಿಯಿಂದ ಎರಡು ಕಡೆ ಬಿಗಿದು, ಮಲಗಿಸದೆ ನಿಲ್ಲಿಸಿಯೇ ಒಯ್ಯಿಸಿದರೆ ಏನೂ ಆಗುವುದಿಲ್ಲ. ನಮ್ಮ ಮನೆಯ ಬೀರು ಜಬಲ್ಪುರ, ಜೋಧ್‌ಪುರ, ತೇಜ್‌ಪುರ ಎಲ್ಲವನ್ನೂ ನೋಡಿ ಬಂದಿದೆ, ಇವತ್ತಿಗೂ ಬಾಗಿಲು ಸರಿಯಾಗಿ ಮುಚ್ಚುತ್ತದೆ.

ಕಾವೇರಿ ತೀರ

ಸಾಹೇಬರೇ, ತವರಿನ ಬೀರು ಎಂಬ ಮಾತಿಗೆ ನಾನು ಎದುರಾಡುವುದಿಲ್ಲ. ಅಕ್ಕ, ಅದನ್ನು ತನ್ನಿ.

ಧಾರವಾಡದ ಓದುಗ

ಗ್ಯಾಸಿನ ಬಗ್ಗೆ ಯಾರೂ ಹೇಳಿಲ್ಲ. ಸಿಲಿಂಡರನ್ನು ಲಾರಿಯಲ್ಲಿ ಹಾಕಬಾರದು. ಈಗಿನ ಏಜೆನ್ಸಿಗೆ ಸಿಲಿಂಡರ್ ಮತ್ತು ರೆಗ್ಯುಲೇಟರ್ ಒಪ್ಪಿಸಿದರೆ ಠೇವಣಿ ವಾಪಸ್ ಕೊಟ್ಟು ಟ್ರಾನ್ಸ್‌ಫರ್ ವೋಚರ್ ಕೊಡುತ್ತಾರೆ, ಅದನ್ನು ಬೆಳಗಾವಿಯ ಏಜೆನ್ಸಿಗೆ ಕೊಟ್ಟು ಈಗಿನ ದರದ ಠೇವಣಿ ಕಟ್ಟಿದರೆ ಸಂಪರ್ಕ ಮುಂದುವರಿಯುತ್ತದೆ. ಹೊರಡುವುದಕ್ಕೆ ಎರಡು ದಿನ ಮೊದಲು ಈ ಕೆಲಸ ಮಾಡಿ, ಆ ಎರಡು ದಿನದ ಅಡುಗೆಗೆ ಇಂಡಕ್ಷನ್ ಒಲೆ ಹೊರಗಿಟ್ಟುಕೊಳ್ಳಿ.

ಅಂಬಾಲಾ ಗೃಹಿಣಿ

ಎಲ್ಲರಿಗೂ ಕೃತಜ್ಞತೆಗಳು. ಬೀರು ತವರಿನದೇ, ಸಾಹೇಬರು ನೋಡದೆಯೇ ಹೇಳಿಬಿಟ್ಟರು. ಅಧಿಕಾರಪತ್ರಕ್ಕೆ ಯಜಮಾನರು ನಿನ್ನೆಯೇ ಅರ್ಜಿ ಕೊಟ್ಟಿದ್ದಾರೆ. ಮಗಳ ಹೆಸರು ಪಾರ್ಟ್ ಟು ಆರ್ಡರಿನಲ್ಲಿ ಒಂದು ಅಕ್ಷರ ತಪ್ಪಾಗಿ ದಾಖಲಾಗಿರುವುದು ಕೇಳಿದ ಮೇಲೆಯೇ ಗೊತ್ತಾಯಿತು, ತಿದ್ದುಪಡಿಗೆ ಜನನ ಪ್ರಮಾಣಪತ್ರ ಕೊಟ್ಟಿದ್ದೇವೆ.

ಈಗ ಮನೆಯೊಳಗಿನ ಒಂದು ವಿಷಯ. ಮಾವನವರು ನಾವು ಹಳ್ಳಿಗೇ ಬರಬೇಕೆನ್ನುತ್ತಾರೆ. ಸ್ವಂತ ಮನೆಯಿರುವಾಗ ಸೊಸೆ ಪಟ್ಟಣದಲ್ಲಿ ಬಾಡಿಗೆ ಕಟ್ಟಿಕೊಂಡು ಒಬ್ಬಳೇ ಇರುವುದೇಕೆ ಎಂದು ಅವರ ಪ್ರಶ್ನೆ. ಅವರ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ, ಅತ್ತೆಯವರ ಮೊಣಕಾಲು ನೋವಿಗೂ ನಾನು ಹತ್ತಿರವಿದ್ದರೆ ಆಸರೆ. ಆದರೆ ಮಕ್ಕಳು ಇಷ್ಟು ವರ್ಷ ಹಿಂದಿ, ಇಂಗ್ಲಿಷಿನಲ್ಲಿ ಓದಿದ್ದಾರೆ, ಕನ್ನಡ ಮಾತಾಡುತ್ತಾರೆಯೇ ಹೊರತು ಬರೆಯಲು ಬರುವುದಿಲ್ಲ. ಮಗ ಒಂಬತ್ತನೇ ತರಗತಿಗೆ ಕಾಲಿಡುವ ವರ್ಷದಲ್ಲಿ ಪಠ್ಯಕ್ರಮವನ್ನೇ ಬದಲಿಸುವುದು ಸರಿಯೇ?

ಹಾಸನದ ಯೋಧಪುತ್ರಿ

ನಾನು ಸೈನಿಕರ ಮಗಳು, ಹನ್ನೆರಡು ವರ್ಷದಲ್ಲಿ ಏಳು ಶಾಲೆ ಕಂಡವಳು, ಈಗ ಪ್ರೌಢಶಾಲಾ ಶಿಕ್ಷಕಿ. ಒಂಬತ್ತನೇ ತರಗತಿಯಲ್ಲಿ ಪಠ್ಯಕ್ರಮ ಬದಲಿಸಬೇಡಿ. ರಕ್ಷಣಾ ಪಡೆಯವರ ಮಕ್ಕಳಿಗೆ ಕೇಂದ್ರೀಯ ವಿದ್ಯಾಲಯದ ಪ್ರವೇಶದಲ್ಲಿ ಮೊದಲ ಆದ್ಯತೆಯಿದೆ, ಬೆಳಗಾವಿ ಕಂಟೋನ್ಮೆಂಟಿನಲ್ಲಿಯೇ ಶಾಲೆಯಿದೆ, ಅದೇ ಪುಸ್ತಕ, ಅದೇ ಸಮವಸ್ತ್ರ. ಏಪ್ರಿಲ್‌ನಲ್ಲಿ ಹೊಸ ವರ್ಷ ಆರಂಭವಾಗುವುದರಿಂದ, ಪರೀಕ್ಷೆಯ ಫಲಿತಾಂಶ ಬಂದ ದಿನವೇ ಟಿ.ಸಿ.ಗೆ ಅರ್ಜಿ ಕೊಡಿ. ಟಿ.ಸಿ.ಯನ್ನು, ಅಂಕಪಟ್ಟಿಯನ್ನು, ಮಕ್ಕಳ ಲಸಿಕೆ ಚೀಟಿಯನ್ನು ಲಾರಿಗೆ ಹೋಗುವ ಟ್ರಂಕಿನಲ್ಲಿ ಇಡದೆ ನಿಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳಿ. ನನ್ನ ತಾಯಿ ಒಮ್ಮೆ ಟ್ರಂಕಿನಲ್ಲಿಟ್ಟಿದ್ದರು, ಲಾರಿ ಬರುವವರೆಗೆ ನಾನು ಹದಿನೆಂಟು ದಿನ ಶಾಲೆಯ ಹೊರಗಿದ್ದೆ, ಹೊಸ ಶಾಲೆಯಲ್ಲಿ ಬೀಜಗಣಿತದ ಮೊದಲ ಪಾಠ ಮುಗಿದುಹೋಗಿತ್ತು.

ಮಾವನವರಿಗೆ ಹೀಗೆ ಹೇಳಿ ನೋಡಿ: ಬೆಳಗಾವಿಯಿಂದ ಗೋಕಾಕಕ್ಕೆ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದು, ಶನಿವಾರ, ಭಾನುವಾರ ಮಕ್ಕಳು ಹಳ್ಳಿಯಲ್ಲೇ ಇರುತ್ತಾರೆ, ಅಜ್ಜನೇ ಅವರಿಗೆ ಕನ್ನಡ ಬರೆಯಲು ಕಲಿಸಲಿ. ನನಗೆ ಅಕ್ಷರ ತಿದ್ದಿಸಿದ್ದು ನನ್ನ ಅಜ್ಜ, ಬೇಸಿಗೆ ರಜೆಯಲ್ಲಿ, ಜಗಲಿಯ ಮೇಲೆ ಸೀಮೆಸುಣ್ಣದಿಂದ.

ಬಾಗಲಕೋಟೆಯ ನಾಯಕ್

ಅಕ್ಕಾ, ಲಾರಿಯವರ ವಿಷಯದಲ್ಲಿ ನಮಗೆ ಆದದ್ದನ್ನು ಪೂರ್ತಿ ಹೇಳುತ್ತೇನೆ, ಇದು ಇನ್ನೊಬ್ಬರಿಗೆ ಆಗಬಾರದು. ಕಂಪನಿಯ ಹೆಸರು ಹೇಳುವುದಿಲ್ಲ.

ಎರಡು ವರ್ಷದ ಹಿಂದೆ ರಾಜಸ್ಥಾನದಿಂದ ಬಾಗಲಕೋಟೆಗೆ ಸಾಮಾನು ಕಳಿಸಬೇಕಿತ್ತು. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಪ್ಯಾಕರ್ಸ್‌ನವರಿಗೆ ಫೋನ್ ಮಾಡಿದೆ. ಬೇರೆ ಮೂವರು ಹೇಳಿದ್ದಕ್ಕಿಂತ ಹತ್ತು ಸಾವಿರ ಕಡಿಮೆ ಹೇಳಿದರು. ಮನೆಗೆ ಬಂದು ಸಾಮಾನು ನೋಡಲಿಲ್ಲ, ಫೋನಿನಲ್ಲೇ ಪಟ್ಟಿ ಬರೆದುಕೊಂಡರು. ನಾಲ್ಕು ಜನ ಬಂದು ಮೂರು ಗಂಟೆಯಲ್ಲಿ ಎಲ್ಲವನ್ನೂ ಕಟ್ಟಿದರು, ಅರ್ಧ ಹಣ ಅಲ್ಲೇ ಪಡೆದರು. ಆರನೇ ದಿನ ಬೇರೊಂದು ನಂಬರಿನಿಂದ ಫೋನ್ ಬಂತು. ಸಾಮಾನನ್ನು ದಾರಿಯಲ್ಲಿ ಇನ್ನೊಂದು ಲಾರಿಗೆ ಬದಲಿಸಿದ್ದೇವೆ, ತೂಕ ಹೆಚ್ಚಿದೆ, ಇನ್ನೂ ಹದಿನೈದು ಸಾವಿರ ಹಾಕಿದರೆ ಮಾತ್ರ ಮುಂದೆ ಹೋಗುತ್ತದೆ ಎಂದರು. ನಾನು ಅಷ್ಟರಲ್ಲಿ ಡ್ಯೂಟಿಗೆ ಸೇರಿದ್ದೆ, ಫೋನ್ ಸಿಗುವ ಜಾಗವೂ ಆಗಿರಲಿಲ್ಲ. ನನ್ನ ಹೆಂಡತಿ ಕೈಗೂಸನ್ನು ಎತ್ತಿಕೊಂಡು ಖಾಲಿ ಬಾಡಿಗೆ ಮನೆಯಲ್ಲಿ ಚಾಪೆಯ ಮೇಲೆ ಇಪ್ಪತ್ತು ದಿನ ಕಳೆದಳು. ಕೊನೆಗೆ ಎಂಟು ಸಾವಿರಕ್ಕೆ ಒಪ್ಪಿದರು. ಲಾರಿ ಬಂದದ್ದು ಜುಲೈನಲ್ಲಿ, ಟಾರ್ಪಾಲು ಹರಿದಿತ್ತು, ಹಾಸಿಗೆಗಳನ್ನು ಹಿಂಡಿದರೆ ನೀರು ಬರುತ್ತಿತ್ತು, ಮದುವೆಯ ಆಲ್ಬಮ್ಮಿನ ಪುಟಗಳು ಒಂದಕ್ಕೊಂದು ಅಂಟಿಹೋಗಿದ್ದವು.

ಪರಿಹಾರ ಕೇಳಿದಾಗ ರಸೀದಿಯ ಹಿಂಬದಿ ತೋರಿಸಿದರು. ಸಣ್ಣ ಅಕ್ಷರದಲ್ಲಿ, ಹಾನಿಯಾದರೆ ಹೊಣೆ ಸಾಮಾನಿನ ಮಾಲೀಕರದೇ ಎಂದು ಅಚ್ಚಾಗಿತ್ತು. ವಿಮೆ ಎಂದು ಶೇಕಡಾ ಮೂರರಂತೆ ಹಣ ಪಡೆದಿದ್ದರಲ್ಲ ಎಂದರೆ, ಪಾಲಿಸಿಯ ನಂಬರೇ ಇರಲಿಲ್ಲ. ಆಮೇಲೆ ವಕೀಲರೊಬ್ಬರು ಹೇಳಿದರು: ರಸ್ತೆ ಸಾಗಣೆಗೆ 2007ರ ಕಾಯಿದೆಯೊಂದಿದೆ, ಸಾಮಾನು ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸ್ ಕೊಡದಿದ್ದರೆ ದಾವೆ ಹೂಡಲು ಬರುವುದಿಲ್ಲ, ಮತ್ತು ಸಾಮಾನಿನ ಮೌಲ್ಯವನ್ನು ಮೊದಲೇ ಬರೆದು ಘೋಷಿಸಿರದಿದ್ದರೆ ಪರಿಹಾರಕ್ಕೂ ಮಿತಿಯಿರುತ್ತದೆ. ನಾನು ಅವರ ಬಳಿ ಹೋದದ್ದು ಬುಕ್ ಮಾಡಿದ ಎಂಟನೇ ತಿಂಗಳಲ್ಲಿ.

ಆದ್ದರಿಂದ ಮನೆಗೆ ಬಂದು ಸಾಮಾನು ನೋಡದವರಿಗೆ ಕೆಲಸ ಕೊಡಬೇಡಿ. ಪೂರ್ತಿ ಲಾರಿಯೋ ಪಾಲಿನ ಲಾರಿಯೋ, ದಾರಿಯಲ್ಲಿ ವಾಹನ ಬದಲಿಸುತ್ತಾರೆಯೋ ಇಲ್ಲವೋ, ಮೆಟ್ಟಿಲು ಹತ್ತಿಸುವ ಕೂಲಿ ಸೇರಿದೆಯೋ ಎಂಬುದನ್ನು ಬರೆಸಿಕೊಳ್ಳಿ. ಪ್ರತಿ ಗಂಟಿಗೂ ನಂಬರ್ ಹಾಕಿ, ಪ್ರತಿ ವಸ್ತುವಿನ ಮೌಲ್ಯ ಬರೆದು, ಚಾಲಕರ ಸಹಿ ಪಡೆಯಿರಿ. ಲಾರಿಯ ನಂಬರ್ ಪ್ಲೇಟಿನ ಜೊತೆಗೆ ತುಂಬಿದ ಸಾಮಾನಿನ ಫೋಟೋ ತೆಗೆಯಿರಿ. ಹಣದಲ್ಲಿ ಒಂದು ಭಾಗವನ್ನು ಸಾಮಾನು ಇಳಿದ ಮೇಲೆಯೇ ಕೊಡಿ. ನಿಮ್ಮ ಯೂನಿಟ್ಟಿನಲ್ಲಿ ಈ ವರ್ಷ ಯಾರು ದಕ್ಷಿಣಕ್ಕೆ ಕಳಿಸಿದರು ಎಂದು ವಿಚಾರಿಸಿ, ಅವರು ಒಳ್ಳೆಯವರೆಂದು ಹೇಳಿದ ಲಾರಿಯವರನ್ನೇ ಹಿಡಿಯುವುದು ಎಲ್ಲಕ್ಕಿಂತ ಮೇಲು.

ನಿವೃತ್ತ ಸುಬೇದಾರ್, ಬೆಳಗಾವಿ

ತಮ್ಮ ಬರೆದದ್ದನ್ನು ಓದಿ ನೋವಾಯಿತು. ಇದಕ್ಕೆ ಒಂದು ಮಾತು ಸೇರಿಸಬೇಕು. ಲಾರಿಯವರಲ್ಲಿ ಕೆಲವರು, ಸಾಮಾನು ಕಡಿಮೆಯಿದ್ದರೂ ಪೂರ್ತಿ ಮಿತಿಯ ಮೊತ್ತಕ್ಕೆ ಬಿಲ್ ಬರೆದುಕೊಡುತ್ತೇನೆ, ಉಳಿದದ್ದು ನಿಮಗೆ ಎನ್ನುತ್ತಾರೆ. ಅದನ್ನು ಮುಟ್ಟಬೇಡಿ. ಲೆಕ್ಕಪತ್ರದವರು ಲಾರಿಯ ನಂಬರನ್ನು, ಜಿ.ಎಸ್.ಟಿ. ಸಂಖ್ಯೆಯನ್ನು ತಾಳೆ ನೋಡುತ್ತಾರೆ, ಸ್ಕೂಟರಿನ ನಂಬರನ್ನು ಲಾರಿಯ ನಂಬರೆಂದು ಬರೆದ ಬಿಲ್ಲೊಂದು ನನ್ನ ಕಣ್ಣೆದುರೇ ಸಿಕ್ಕಿಬಿದ್ದಿತ್ತು. ಇಪ್ಪತ್ತು ವರ್ಷದ ಸೇವೆ, ಬಡ್ತಿ, ಪಿಂಚಣಿ ಎಲ್ಲವೂ ಆ ಒಂದು ಕಾಗದದ ಮೇಲೆ ತೂಗಾಡುತ್ತದೆ. ಪ್ರಯಾಣಕ್ಕೆ ಮುಂಗಡ ಪಡೆದಿದ್ದರೆ, ಅಂತಿಮ ಬಿಲ್ಲನ್ನು ಎರಡು ತಿಂಗಳು ಮೀರಲು ಬಿಡದೆ ಸಲ್ಲಿಸಿ, ಇಲ್ಲವಾದರೆ ಮುಂಗಡವನ್ನು ಸಂಬಳದಿಂದ ಹಿಡಿಯುತ್ತಾರೆ.

ಬೀದರ್ ವಾಯುನೆಲೆಯ ನಿವಾಸಿ

ಮೋಟಾರ್‌ಸೈಕಲನ್ನು ಲಾರಿಯಲ್ಲಿ ಹಾಕದೆ ರೈಲಿನ ಪಾರ್ಸೆಲ್‌ನಲ್ಲಿ ಕಳಿಸಿ ಎಂಬುದು ನನ್ನ ಸಲಹೆ. ಹವಿಲ್ದಾರರಿಗೆ ಒಂದು ದ್ವಿಚಕ್ರ ವಾಹನ ಸಾಗಿಸುವ ಅರ್ಹತೆ ಪ್ರತ್ಯೇಕವಾಗಿಯೇ ಇದೆ. ದೆಹಲಿಯ ನಿಜಾಮುದ್ದೀನ್‌ನಿಂದ ಹೊರಡುವ ಗೋವಾ ಎಕ್ಸ್‌ಪ್ರೆಸ್ ಬೆಳಗಾವಿಯ ಮೂಲಕವೇ ಹೋಗುತ್ತದೆ. ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ತೆಗೆಯಿಸಿರಬೇಕು, ಆರ್.ಸಿ. ಮತ್ತು ಗುರುತಿನ ಚೀಟಿಯ ಪ್ರತಿ ಬೇಕು, ಹ್ಯಾಂಡಲ್, ದೀಪ, ಟ್ಯಾಂಕುಗಳಿಗೆ ಹುಲ್ಲು ಮತ್ತು ಗೋಣಿ ಸುತ್ತಿಸಿ, ರಟ್ಟಿನ ಮೇಲೆ ಎಲ್ಲಿಂದ ಎಲ್ಲಿಗೆ ಎಂದು ದೊಡ್ಡದಾಗಿ ಬರೆದು ಕಟ್ಟಿಸಿ. ಬಂದಿಳಿದ ಮೇಲೆ ಬೇಗ ಬಿಡಿಸಿಕೊಳ್ಳದಿದ್ದರೆ ದಿನಗಳೆದಂತೆ ದಂಡ ಏರುತ್ತದೆ. ಹರಿಯಾಣದ ನೋಂದಣಿಯಾಗಿದ್ದರೆ ಅಲ್ಲಿನ ಆರ್.ಟಿ.ಓ.ದಿಂದ ಎನ್.ಓ.ಸಿ.ಯನ್ನು ಯಜಮಾನರು ಇರುವಾಗಲೇ ತೆಗೆಸಿಡಿ. ಮುಂದೆ ಹೊಸ ಗಾಡಿ ಕೊಳ್ಳುವುದಾದರೆ 2021ರಲ್ಲಿ ಬಂದ ಬಿ.ಎಚ್. ಸರಣಿಯ ನೋಂದಣಿ ಮಾಡಿಸಿ, ರಾಜ್ಯ ಬದಲಾದಾಗಲೆಲ್ಲ ಹೊಸ ನಂಬರಿಗೆ ಓಡಾಡುವ ಕೆಲಸವಿರುವುದಿಲ್ಲ.

ಅಂಬಾಲಾ ಗೃಹಿಣಿ

ಮೂರು ತಿಂಗಳ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಈಗ ನಾನು ಬೆಳಗಾವಿಯಲ್ಲಿದ್ದೇನೆ.

ಯಜಮಾನರು ಹೋದ ಮೇಲೆ ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಕ್ವಾರ್ಟರ್ಸ್ ಉಳಿಸಿಕೊಳ್ಳಲು ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ನವರು ಅನುಮತಿ ಕೊಟ್ಟರು. ಮಂಚಗಳನ್ನು ಹೊಸದಾಗಿ ಬಂದ ಕುಟುಂಬವೊಂದು ಕೊಂಡುಕೊಂಡಿತು. ಮಾರ್ಚಿಂಗ್ ಔಟ್‌ನ ಹಿಂದಿನ ದಿನ ಮಗ ಗೋಡೆಯ ಮೊಳೆ ತೂತುಗಳನ್ನೆಲ್ಲ ಸುಣ್ಣದ ಉಂಡೆಯಿಂದ ಮುಚ್ಚಿದ, ನಾನು ಗೀಸರ್, ಫ್ಯಾನು, ಟ್ಯೂಬ್‌ಲೈಟುಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿದೆ. ಎಂ.ಇ.ಎಸ್.ನಿಂದ ಬಂದವರು ಅಧಿಕಾರಪತ್ರ ಕೇಳಿದರು, ತೆಗೆದು ಮುಂದಿಟ್ಟೆ, ಓದಿದರು, ನನ್ನ ಹೆಸರನ್ನು ರಿಜಿಸ್ಟರಿನಲ್ಲಿ ಬರೆದುಕೊಂಡರು. ಒಂದು ಕಿಟಕಿಯ ಗಾಜಿಗೆ ಮಾತ್ರ ದಂಡ ಕಟ್ಟಿಸಿಕೊಂಡು ಕ್ಲಿಯರೆನ್ಸ್ ಕೊಟ್ಟರು. ವಿದ್ಯುತ್ ಮೀಟರಿನ ಕೊನೆಯ ಅಂಕಿಯನ್ನು ಅವರ ಸಹಿಯೊಂದಿಗೆ ಬರೆಸಿಕೊಂಡೆ.

ಲಾರಿಯನ್ನು ಯಜಮಾನರ ಯೂನಿಟ್ಟಿನ ಇನ್ನೊಬ್ಬರು ಹೇಳಿದವರಿಂದಲೇ ಗೊತ್ತುಮಾಡಿದೆ, ಇಪ್ಪತ್ತಮೂರು ಗಂಟುಗಳಿಗೂ ನಂಬರ್ ಹಾಕಿಸಿದೆ. ಎಂಟನೇ ದಿನ ಬಂತು. ಫ್ರಿಜ್ಜನ್ನು ನಿಲ್ಲಿಸಿಯೇ ತಂದಿದ್ದರು, ಅರ್ಧ ದಿನ ಹಾಗೇ ಬಿಟ್ಟು ಆಮೇಲೆ ಚಾಲೂ ಮಾಡಿದೆ. ಹದಿನಾಲ್ಕನೇ ಗಂಟಿನಲ್ಲಿದ್ದ ಉಪ್ಪಿನಕಾಯಿಯ ಬರಣಿ ಒಡೆದಿತ್ತು, ಎಣ್ಣೆ ಇಳಿದು ಎರಡು ರಜಾಯಿ ಹಾಳಾದವು, ಅದನ್ನು ಲಾರಿಯವರ ತಲೆಗೆ ಕಟ್ಟುವುದಕ್ಕಿಲ್ಲ, ಬರಣಿಯನ್ನು ರಜಾಯಿಯ ನಡುವೆ ಇಟ್ಟವಳು ನಾನೇ. ತವರಿನ ಬೀರುವಿನ ಬಾಗಿಲು ಸರಿಯಾಗಿ ಮುಚ್ಚುತ್ತಿದೆ.

ಗಣೇಶಪುರದ ಕಡೆ ಬಾಡಿಗೆ ಮನೆ ಸಿಕ್ಕಿದೆ, ಮಾಲೀಕರೂ ಮಾಜಿ ಸೈನಿಕರು, ಒಂದು ತಿಂಗಳ ನೋಟಿಸಿನ ಸಾಲನ್ನು ಅವರೇ ತಮ್ಮ ಕೈಯಿಂದ ಬರೆದರು. ಮಕ್ಕಳಿಗೆ ಕಂಟೋನ್ಮೆಂಟಿನ ಶಾಲೆಯಲ್ಲಿ ಪ್ರವೇಶವಾಗಿದೆ. ಎಸ್.ಎಫ್. ಕ್ವಾರ್ಟರ್ಸ್‌ನ ಪಟ್ಟಿಯಲ್ಲಿ ನಮ್ಮ ಹೆಸರು ಸೇರಿದೆ, ಸರದಿ ಬರಲು ಇನ್ನೂ ಕೆಲವು ತಿಂಗಳು ಬೇಕು. ಹಾಗಾಗಿ ಎಂಟು ಟ್ರಂಕುಗಳಲ್ಲಿ ಐದನ್ನು ಬಿಚ್ಚಿಲ್ಲ. ಮಾವನವರು ಮೊದಲ ವಾರವೇ ಜೋಳದ ಚೀಲ ಹೊತ್ತುಕೊಂಡು ಬಂದರು, ಮನೆ ನೋಡಿದರು, ಮೊಮ್ಮಗಳಿಗೆ ಸ್ಲೇಟು ತಂದಿದ್ದರು.

ನಿನ್ನೆ ಯಜಮಾನರ ಫೋನ್ ಬಂದಿತ್ತು, ಟ್ರಂಕುಗಳ ಮೇಲಿನ ಅಂಬಾಲಾದ ವಿಳಾಸವನ್ನು ಅಳಿಸಿ ಹೊಸದನ್ನು ಬರೆಸಿದೆಯಾ ಎಂದು ಕೇಳಿದರು. ಕ್ವಾರ್ಟರ್ಸ್ ಸಿಕ್ಕ ಮೇಲೆ ಒಂದೇ ಸಲ ಬರೆಸುತ್ತೇನೆ ಎಂದು ಹೇಳಿದ್ದೇನೆ. ಪ್ರಯಾಣ ಭತ್ಯೆಯ ಬಿಲ್ಲಿಗೆ ರಸೀದಿಗಳನ್ನೆಲ್ಲ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿಯಾಗಿದೆ, ಹಣ ಬಂದ ದಿನ ಇಲ್ಲಿ ತಿಳಿಸುತ್ತೇನೆ.